ಬದುವಿನ ಕಬ್ಬು, ನಡುಹೊಲದ ಕಬ್ಬು

ಕಬ್ಬು ಮಾಗಿದೆಯೋ ಇಲ್ಲವೋ ಎಂದು ತಿಳಿಯಲು ಅಥಣಿ, ಕಾಗವಾಡ ಕಡೆಯ ಬಲ್ಲ ರೈತ ಬದುವಿನ ಮೇಲೆ ನಿಂತು ಕೈಗೆ ಸಿಕ್ಕ ಜಲ್ಲೆ ಮುರಿಯುವುದಿಲ್ಲ. ಅಂಚಿನ ಕಬ್ಬಿಗೆ ಬಿಸಿಲು ಹೆಚ್ಚು, ಗಾಳಿ ಹೆಚ್ಚು, ನೆರೆಯ ಜಲ್ಲೆಗಳ ಪೈಪೋಟಿ ಕಡಿಮೆ. ಅದರ ರಸ ಇಡೀ ಹೊಲದ ಮಾತು ಹೇಳುವುದಿಲ್ಲ. ಒಳಗೆ ನುಗ್ಗಬೇಕು, ಎಲೆಯ ಅಂಚು ಮೈಕೈ ಕೊಯ್ದರೂ ಸರಿ, ಅಲ್ಲೊಂದು ಇಲ್ಲೊಂದು ಹತ್ತಾರು ಜಲ್ಲೆ ಆರಿಸಿ, ರಿಫ್ರ್ಯಾಕ್ಟೋಮೀಟರಿನ ಗಾಜಿನ ಮೇಲೆ ಒಂದೊಂದೇ ಹನಿ ಬಿಟ್ಟು, ರಸದ ಸಿಹಿ ಹೇಳುವ ಬ್ರಿಕ್ಸ್ ಅಂಕಿಗಳ ಸರಾಸರಿ ತೆಗೆಯಬೇಕು. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ದರ ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಇಳುವರಿಯಲ್ಲಿ ದಶಮಾಂಶ ಆಚೀಚೆ ಆದರೆ ದರವೂ ಆಚೀಚೆ. ಮಾದರಿ ಎಲ್ಲಿಂದ ತೆಗೆದದ್ದು, ಎಷ್ಟು ತೆಗೆದದ್ದು ಎಂಬ ಪ್ರಶ್ನೆಯನ್ನು ಕೃಷ್ಣೆಯ ದಂಡೆಯ ಈ ಸೀಮೆಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಆ ತಿಳಿವಳಿಕೆಯನ್ನು ಒಂದು ಮನೆಯೊಳಗೆ ಒಯ್ಯೋಣ. ಮನೆ ನನ್ನ ಕಲ್ಪನೆಯದು, ಅಲ್ಲಿನ ಸಂಕಟ ಕಲ್ಪನೆಯದಲ್ಲ. ಚಿಕ್ಕೋಡಿಗೂ ರಾಯಬಾಗಕ್ಕೂ ನಡುವಿನ ಊರು. ನಾಲ್ಕೆಕರೆ ಕಬ್ಬು, ಎರಡು ಎಮ್ಮೆ, ಸೊಸೈಟಿಯಲ್ಲಿ ಬೆಳೆಸಾಲ. ಮಗ ಇಂಜಿನಿಯರಿಂಗ್ ಮುಗಿಸಿ ಪುಣೆಗೆ ಹೋದವನು ಎರಡು ವರ್ಷದ ಮೇಲೆ ಹಬ್ಬಕ್ಕೆ ಬಂದಿದ್ದಾನೆ. ಊಟದ ಹೊತ್ತಿಗೆ ಹೇಳುತ್ತಾನೆ: ನೌಕರಿ ಬಿಟ್ಟಿದ್ದೇನೆ, ಪೋಕರ್ ಆಡುತ್ತೇನೆ, ಇನ್ನು ಅದೇ ನನ್ನ ಕಸುಬು.

“ಪೋಕರ್ ಅಂದ್ರ ಏನೋ ತಮ್ಮಾ?”

“ಎಲಿ ಆಟ ಅಪ್ಪಾ. ಆದ್ರ ನೀ ತಿಳ್ಕೊಂಡಂಗ ಅಲ್ಲ. ಇದ್ರಾಗ ಲೆಕ್ಕ ಐತಿ.”

“ಮಟಕಾ ಬರ್ಸಾವ್ರೂ ಲೆಕ್ಕಾನ ಹೇಳತಾರ.”

ಮಗ ಮೊಬೈಲ್ ತೆರೆದು ತೋರಿಸುತ್ತಾನೆ. ಒಂದೇ ರಾತ್ರಿಯಲ್ಲಿ ಗೆದ್ದ ಅರವತ್ತು ಸಾವಿರ. ತಂದೆಗೆ ಆ ಅಂಕಿ ಕಾಣುವುದಿಲ್ಲ. ಓಣಿಯಲ್ಲಿ ಅಂದರ್-ಬಾಹರ್ ಆಡಿ ಹೊಲ ಕಳೆದುಕೊಂಡ ಒಬ್ಬನ ಮುಖ ಕಾಣುತ್ತದೆ. ತಾಯಿ ಇಬ್ಬರನ್ನೂ ನೋಡಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳುತ್ತಾಳೆ: “ನಾಳೆ ಹೆಣ್ಣು ಕೇಳಾಕ ಹೋದ್ರ ಹುಡುಗ ಏನ ಮಾಡತಾನ ಅಂತ ಹೇಳೂದು?”

ತಂದೆ, ಮಗ ಇಬ್ಬರೂ ಬದುವಿನ ಮೇಲೇ ನಿಂತಿದ್ದಾರೆ. ಮಗನ ಕೈಯಲ್ಲಿರುವುದು ಬಿಸಿಲಿಗೆ ಸಿಹಿಯಾದ ಒಂದೇ ಜಲ್ಲೆ, ತಂದೆಯ ಕೈಯಲ್ಲಿರುವುದು ಹುಳ ತಿಂದ ಒಂದೇ ಜಲ್ಲೆ. ನಡುಹೊಲಕ್ಕೆ ಇಬ್ಬರೂ ಇಳಿದಿಲ್ಲ. ತಾಯಿಯ ಪ್ರಶ್ನೆ ಬೇರೆ ತರಹದ್ದು.

ಮೊದಲು ಮಟಕಾಕ್ಕೂ ಪೋಕರಿಗೂ ಇರುವ ಅಂತರ. ತಂದೆಯ ಹೋಲಿಕೆ ಸಹಜವಾದದ್ದು, ಆದರೆ ಅದರ ಮೇಲೆ ನಿಂತರೆ ಮಗನೊಡನೆ ಮಾತು ಅಲ್ಲಿಗೇ ಮುಗಿಯುತ್ತದೆ. ಮಟಕಾದಲ್ಲಿ 0ರಿಂದ 9ರವರೆಗಿನ ಒಂದು ಅಂಕಿಗೆ ದುಡ್ಡು ಕಟ್ಟಿದರೆ, ಅದು ಬಂದಾಗ ಸಿಗುವುದು ಸಾಮಾನ್ಯವಾಗಿ ಒಂದಕ್ಕೆ ಒಂಬತ್ತು. ಹತ್ತು ಅಂಕಿ ಇರುವಲ್ಲಿ ಒಂಬತ್ತು ಪಟ್ಟು ಕೊಟ್ಟರೆ ಕಟ್ಟಿದ ಪ್ರತಿ 100 ರೂಪಾಯಿಯಲ್ಲಿ 10 ರೂಪಾಯಿ ಸರಾಸರಿಯಾಗಿ ಬುಕ್ಕಿಯ ಪಾಲು. ಬುದ್ಧಿವಂತ ಕಟ್ಟಿದರೂ ಅಷ್ಟೇ, ದಡ್ಡ ಕಟ್ಟಿದರೂ ಅಷ್ಟೇ. ನಿನ್ನೆಯ ಅಂಕಿ ನೋಡಿ ಇವತ್ತಿನದನ್ನು ಹೇಳುವ ಪಟ್ಟಿಗಳೆಲ್ಲ ಗಾಳಿಗೆ ಕಟ್ಟಿದ ಗೋಡೆ.

ಪೋಕರಿನಲ್ಲಿ ಆಟಗಾರ ಆಡುವುದು ಎದುರಿಗೆ ಕೂತ ಇತರ ಆಟಗಾರರ ವಿರುದ್ಧ. ಹೆಚ್ಚು ಪ್ರಚಲಿತವಾದ ಟೆಕ್ಸಸ್ ಹೋಲ್ಡೆಮ್ ಬಗೆಯಲ್ಲಿ ಪ್ರತಿಯೊಬ್ಬನಿಗೂ ಎರಡು ಗುಟ್ಟಿನ ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ನಾಲ್ಕು ಸುತ್ತು ಪಣ ಕಟ್ಟುತ್ತಾರೆ. ಕಟ್ಟುವುದು, ಏರಿಸುವುದು, ಎಲೆ ಮಡಚಿ ಹೊರಗೆ ಸರಿಯುವುದು, ಮೂರೂ ಆಟಗಾರನ ಕೈಯಲ್ಲಿವೆ. ಒಂದು ಸಲ ಎಲೆ ಹಂಚಿ, ಪಣದ ಹಣ ಒಬ್ಬನ ಕೈಸೇರುವವರೆಗಿನದಕ್ಕೆ ಒಂದು ಹ್ಯಾಂಡ್ ಎನ್ನುತ್ತಾರೆ. ಕೆಟ್ಟ ಎಲೆ ಹಿಡಿದವನು ಧೈರ್ಯದಿಂದ ಏರಿಸಿ ಒಳ್ಳೆಯ ಎಲೆಯವನನ್ನು ಎಬ್ಬಿಸಬಹುದು. ಹೀಗೆ ತೀರ್ಮಾನಕ್ಕೆ ಜಾಗವಿದೆ, ಜಾಗವಿರುವಲ್ಲಿ ಕೌಶಲವೂ ಇದೆ.

ಆದರೆ ಅದೃಷ್ಟಕ್ಕೂ ಅಲ್ಲಿ ದೊಡ್ಡ ಜಾಗವಿದೆ. ಕೈಗೆ ಬರಬಹುದಾದ ಅತ್ಯುತ್ತಮ ಜೋಡಿ ಎರಡು ಎಕ್ಕ. ಅದು 221 ಹ್ಯಾಂಡಿಗೆ ಒಂದು ಸಲ ಬರುತ್ತದೆ. ಎದುರಿನವನ ಹತ್ತಿರ ಎರಡು ರಾಜ ಇದ್ದು, ಇಬ್ಬರೂ ಇದ್ದದ್ದೆಲ್ಲ ಒಡ್ಡಿದರೆಂದು ಇಟ್ಟುಕೊಳ್ಳಿ. ಎಕ್ಕದವನು ಮಾಡಿದ್ದು ನೂರಕ್ಕೆ ನೂರು ಸರಿ. ಆದರೂ ಐದು ಸಲಕ್ಕೆ ಸುಮಾರು ಒಂದು ಸಲ ಅವನು ಎಲ್ಲವನ್ನೂ ಕಳೆದುಕೊಂಡು ಏಳುತ್ತಾನೆ. ಹದ ನೋಡಿ ಬಿತ್ತಿದ ರೈತನ ಮೇಲೆ ಆಣೆಕಲ್ಲು ಬಿದ್ದ ಹಾಗೆ.

ನಮ್ಮ ನ್ಯಾಯಾಲಯಗಳು ಈ ಕೌಶಲ-ಅದೃಷ್ಟದ ತಕ್ಕಡಿಯನ್ನು ದಶಕಗಳಿಂದ ತೂಗುತ್ತ ಬಂದಿವೆ. 1968ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟ ಎಂದಿತು. ಇಂಡಿಯನ್ ಪೋಕರ್ ಅಸೋಸಿಯೇಷನ್ ಹಾಕಿದ ಅರ್ಜಿಯ ಮೇಲೆ 2013ರಲ್ಲಿ ಕರ್ನಾಟಕ ಹೈಕೋರ್ಟ್ ಪೋಕರ್ ಪರವಾಗಿ ನಿಂತಿತು. 2017ರಲ್ಲಿ ಗುಜರಾತ್ ಹೈಕೋರ್ಟ್ ಅದೇ ಆಟವನ್ನು ಜೂಜು ಎಂದಿತು. 2021ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು; 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಮಗ ಕೆಲಸ ಬಿಟ್ಟದ್ದು ಇಂಥ ದಿನಗಳಲ್ಲಿ. “ಕೋರ್ಟ ಹೇಳೈತಿ ಅಪ್ಪಾ” ಎಂದು ಅವನು ಹೇಳಿದ್ದರೆ ಅದು ಸುಳ್ಳಾಗಿರಲಿಲ್ಲ. ಆದರೆ ನ್ಯಾಯಾಧೀಶರ ಮುಂದಿದ್ದ ಪ್ರಶ್ನೆ ಆಟದಲ್ಲಿ ಕೌಶಲ ಇದೆಯೇ ಎಂಬುದು. ಅಡುಗೆಮನೆಯ ಪ್ರಶ್ನೆ ನನ್ನ ಮಗನಲ್ಲಿ ಅದು ಇದೆಯೇ, ಇದ್ದರೂ ಅದರಿಂದ ಹೊಟ್ಟೆ ತುಂಬುತ್ತದೆಯೇ ಎಂಬುದು. ಮೊದಲನೆಯದಕ್ಕೆ ಹೌದು ಎಂದ ಮಾತ್ರಕ್ಕೆ ಎರಡನೆಯದಕ್ಕೆ ಉತ್ತರ ಸಿಗುವುದಿಲ್ಲ.

ಆಟದಲ್ಲಿ ಕೌಶಲ ಇದೆ ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ. ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಥಾಮಸ್ ಮೈಲ್ಸ್ ಅಮೆರಿಕದ ಲಾಸ್ ವೇಗಸ್‌ನಲ್ಲಿ ನಡೆಯುವ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ 2010ರ ಫಲಿತಾಂಶಗಳನ್ನು ಜಾಲಾಡಿದರು. ಆಟ ಶುರುವಾಗುವ ಮೊದಲೇ ನುರಿತವರು ಎಂದು ಗುರುತಿಸಿಕೊಂಡಿದ್ದ ಆಟಗಾರರು ಕಟ್ಟಿದ ಹಣದ ಮೇಲೆ ಸರಾಸರಿ ಶೇ 30ಕ್ಕೂ ಹೆಚ್ಚು ಗಳಿಸಿದ್ದರು, ಉಳಿದವರು ಸರಾಸರಿ ಶೇ 15ರಷ್ಟು ಕಳೆದುಕೊಂಡಿದ್ದರು. ಬರೀ ಅದೃಷ್ಟವಾಗಿದ್ದರೆ ಈ ಬಿರುಕು ಮೂಡುತ್ತಿರಲಿಲ್ಲ.

ಈಗ ನಡುಹೊಲಕ್ಕೆ ಇಳಿಯೋಣ. ಇಲ್ಲಿಂದ ಮುಂದಿನ ಲೆಕ್ಕವನ್ನು ಯಾರು ಬೇಕಾದರೂ ಪದವಿ ತರಗತಿಯ ಸಂಖ್ಯಾಶಾಸ್ತ್ರದಿಂದ ತಾಳೆ ನೋಡಬಹುದು.

ಐದು-ಹತ್ತರ ಮೇಜು ಎಂದಿಟ್ಟುಕೊಳ್ಳಿ. ಅಂದರೆ ದೊಡ್ಡ ಕಡ್ಡಾಯ ಪಣ 10 ರೂಪಾಯಿ. ನಮ್ಮ ಹುಡುಗ ನಿಜಕ್ಕೂ ಒಳ್ಳೆಯ ಆಟಗಾರ, ಮೇಜಿನ ಕಮಿಷನ್ ಕಳೆದ ಮೇಲೂ 100 ಹ್ಯಾಂಡಿಗೆ ಸರಾಸರಿ ಐದು ದೊಡ್ಡ ಪಣ, ಅಂದರೆ 50 ರೂಪಾಯಿ ಗಳಿಸುವವನು. ಪಳಗಿದವರ ನಡುವೆ ಇದು ಗೌರವದ ದರ. ಆದರೆ ಅದೇ 100 ಹ್ಯಾಂಡುಗಳಲ್ಲಿ ಅದೃಷ್ಟದ ಏರಿಳಿತ, ಸಂಖ್ಯಾಶಾಸ್ತ್ರ ಮಾನಕ ವಿಚಲನೆ ಎನ್ನುವುದು, ಸುಮಾರು 900 ರೂಪಾಯಿ. ಗಳಿಕೆ 50, ತೂಗಾಟ 900. ಹ್ಯಾಂಡುಗಳ ಸಂಖ್ಯೆ ಹೆಚ್ಚಿದಂತೆ ಗಳಿಕೆ ಅಷ್ಟೇ ಪಟ್ಟು ಬೆಳೆಯುತ್ತದೆ, ತೂಗಾಟ ಅದರ ವರ್ಗಮೂಲದಷ್ಟೇ ಬೆಳೆಯುತ್ತದೆ. 10,000 ಹ್ಯಾಂಡ್ ಆದಾಗ ನಿರೀಕ್ಷಿತ ಗಳಿಕೆ 5,000 ರೂಪಾಯಿ, ತೂಗಾಟ 9,000. ಆ ಹೊತ್ತಿಗೆ ಈ ಒಳ್ಳೆಯ ಆಟಗಾರ ನಷ್ಟದಲ್ಲಿರುವ ಸಂಭವ ನೂರಕ್ಕೆ ಸುಮಾರು 29.

ಇದರ ಕನ್ನಡಿ ಚಿತ್ರವನ್ನೂ ನೋಡಬೇಕು, ಪಾಲಕರಿಗೆ ಅದೇ ಮುಖ್ಯ. ಅದೇ ದರದಲ್ಲಿ ಸೋಲುವ, ಅಂದರೆ 100 ಹ್ಯಾಂಡಿಗೆ 50 ರೂಪಾಯಿ ಕಳೆಯುವ ಹುಡುಗನೂ 10,000 ಹ್ಯಾಂಡ್ ಆದ ಮೇಲೆ ಲಾಭದಲ್ಲಿ ಕಾಣಿಸುವ ಸಂಭವ ನೂರಕ್ಕೆ 29. ಅವನೂ ಮೊಬೈಲ್ ತೋರಿಸುತ್ತಾನೆ, ಅವನ ಕಣ್ಣಲ್ಲೂ ಅದೇ ನಂಬಿಕೆ ಇರುತ್ತದೆ, ಅವನು ಸುಳ್ಳು ಹೇಳುತ್ತಿರುವುದಿಲ್ಲ. ಗೋವೆಯ ಮಾಂಡೋವಿ ಹೊಳೆಯಲ್ಲಿ ನಿಂತ ಕ್ಯಾಸಿನೊ ಹಡಗುಗಳ ಹಾಗೆ ಎದುರುಬದುರು ಕೂತು ಆಡುವ ಮೇಜಿನಲ್ಲಿ ಗಂಟೆಗೆ ಸುಮಾರು 30 ಹ್ಯಾಂಡ್ ಆಗುತ್ತವೆ. ದಿನಕ್ಕೆ ಆರು ಗಂಟೆ ಎಂದರೂ 10,000ಕ್ಕೆ ಎರಡು ತಿಂಗಳು ಬೇಕು. ಎರಡು ತಿಂಗಳ ಲಾಭ ನಂಬಿ ನೌಕರಿ ಬಿಟ್ಟವನು ಬದುವಿನ ಮೇಲಿನ ಒಂದು ಜಲ್ಲೆ ನಂಬಿ ಕಬ್ಬು ಕಡಿಯುವ ಟೋಳಿ ಕರೆಸಿದ ಹಾಗೆ.

ಒಂದು ಲಕ್ಷ ಹ್ಯಾಂಡ್ ಆದ ಮೇಲೆ ಚಿತ್ರ ತಿಳಿಯಾಗುತ್ತದೆ. ಗಳಿಕೆ 50,000 ರೂಪಾಯಿ, ತೂಗಾಟ ಸುಮಾರು 28,500, ಒಳ್ಳೆಯ ಆಟಗಾರ ನಷ್ಟದಲ್ಲಿರುವ ಸಂಭವ ನೂರಕ್ಕೆ ನಾಲ್ಕು. ಆದರೆ ಎದುರುಬದುರಿನ ಮೇಜಿನಲ್ಲಿ ಅಷ್ಟು ಹ್ಯಾಂಡಿಗೆ 3,333 ಗಂಟೆ ಬೇಕು, ರಜೆಯಿಲ್ಲದ ಒಂದೂವರೆ ವರ್ಷ. ಇನ್ನೊಂದು ಭಾಗಾಕಾರ ಮಾಡಿ: 50,000 ರೂಪಾಯಿಯನ್ನು 3,333 ಗಂಟೆಗೆ ಹಂಚಿದರೆ ಗಂಟೆಗೆ 15 ರೂಪಾಯಿ. ಕಬ್ಬಿನ ಗದ್ದೆಯಲ್ಲಿ ಕಳೆ ತೆಗೆಯುವ ಹೆಣ್ಣುಮಗಳ ಕೂಲಿ ಇದಕ್ಕಿಂತ ಹೆಚ್ಚು. ಬದುಕಲು ಸಾಕಾಗುವಷ್ಟು ಬೇಕೆಂದರೆ ಹತ್ತು ಪಟ್ಟು, ಇಪ್ಪತ್ತು ಪಟ್ಟು ದೊಡ್ಡ ಮೇಜಿಗೆ ಹೋಗಬೇಕು, ಅಲ್ಲಿ ಎದುರಿಗೆ ಕೂತವರು ಮೊದಲಿನವರಾಗಿರುವುದಿಲ್ಲ. ಆನ್‌ಲೈನ್‌ನಲ್ಲಿ ಒಂದೇ ಹೊತ್ತಿಗೆ ಹಲವು ಮೇಜು ತೆರೆದು ಈ ಗಂಟೆಗಳನ್ನು ಕುಗ್ಗಿಸಬಹುದಿತ್ತು. ಕಸುಬಿನ ಆಟಗಾರರು ಹುಟ್ಟಿಕೊಂಡದ್ದೇ ಅದರಿಂದ.

ಒಂದು ಲಕ್ಷ ಎಂಬುದು ಉತ್ಪ್ರೇಕ್ಷೆ ಅನ್ನಿಸಿದರೆ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಥೆ ಕೇಳಿ. 2015ರಲ್ಲಿ ಅಲ್ಲಿನ ಕ್ಲಾಡಿಕೊ ಎಂಬ ಕಂಪ್ಯೂಟರ್ ಕಾರ್ಯಕ್ರಮ ನಾಲ್ವರು ನುರಿತ ಆಟಗಾರರ ವಿರುದ್ಧ 80,000 ಹ್ಯಾಂಡ್ ಆಡಿತು. ಕೊನೆಗೆ ಮನುಷ್ಯರು ಏಳು ಲಕ್ಷಕ್ಕೂ ಹೆಚ್ಚು ಚಿಪ್‌ಗಳಷ್ಟು ಮುಂದಿದ್ದರು. ಆದರೂ ವಿಜ್ಞಾನಿಗಳು ಅದನ್ನು ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಸಮಬಲ ಎಂದರು. 80,000 ಹ್ಯಾಂಡ್ ಆದ ಮೇಲೂ ಯಾರು ಮೇಲು ಎಂದು ಖಚಿತವಾಗಿ ಹೇಳಲು ಆಗಲಿಲ್ಲ! 2017ರ ಜನವರಿಯಲ್ಲಿ ಟೂಮಾಸ್ ಸ್ಯಾಂಡ್‌ಹೋಮ್ ಮತ್ತು ನೋಮ್ ಬ್ರೌನ್ ರೂಪಿಸಿದ ಲಿಬ್ರಾಟಸ್ ಕಣಕ್ಕಿಳಿದಾಗ ಪಂದ್ಯವನ್ನು 1,20,000 ಹ್ಯಾಂಡಿಗೆ ಏರಿಸಿದರು. ಇಪ್ಪತ್ತು ದಿನಗಳ ಬಳಿಕ ಯಂತ್ರ ಸಂಶಯಕ್ಕೆ ಎಡೆಯಿಲ್ಲದಂತೆ ಗೆದ್ದಿತ್ತು. ಅಂದಿನಿಂದ ಇಂಥ ಲೆಕ್ಕದ ತಂತ್ರಾಂಶಗಳು ಆಟಗಾರರ ಅಭ್ಯಾಸದ ಭಾಗವಾಗಿವೆ. ಎಲ್ಲರೂ ಅದನ್ನೇ ಓದಿ ಬಂದ ಮೇಜಿನಲ್ಲಿ ಒಬ್ಬನಿಗೆ ಇನ್ನೊಬ್ಬನ ಮೇಲಿರುವ ಅಂಚು ತೆಳುವಾಗುತ್ತದೆ. ಕಮಿಷನ್ ಮಾತ್ರ ತೆಳುವಾಗುವುದಿಲ್ಲ.

ಇಷ್ಟಾದರೂ ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವ ಜಾಗ ಇನ್ನೊಂದಿದೆ. ಅದು ಬಂಡವಾಳ.

ಬಿತ್ತನೆಗೆ ಎತ್ತಿಟ್ಟ ಬೀಜ ತಿನ್ನಬಾರದು ಎಂದು ನಮ್ಮ ಹಿರಿಯರಿಗೆ ಯಾರೂ ಸೂತ್ರ ಬರೆದು ಕೊಟ್ಟಿರಲಿಲ್ಲ. ಪೋಕರಿನಲ್ಲಿ ಅದಕ್ಕೊಂದು ಸೂತ್ರವೇ ಇದೆ. ಆಟಕ್ಕೆಂದೇ ಇಟ್ಟ ಹಣ ಒಂದು ದಿನ ಸೊನ್ನೆಗೆ ಇಳಿಯುವ ಸಂಭವ ಮೂರರ ಮೇಲೆ ನಿಂತಿದೆ: ಸರಾಸರಿ ಗಳಿಕೆ, ತೂಗಾಟ, ಇಟ್ಟ ಹಣ. ಸಾಮಾನ್ಯವಾಗಿ ಒಂದು ಮೇಜಿಗೆ 100 ದೊಡ್ಡ ಪಣದಷ್ಟು ಹಣದೊಂದಿಗೆ ಕೂರುತ್ತಾರೆ. ನಮ್ಮ ಹುಡುಗನ ಹತ್ತಿರ ಅಂಥ ಹತ್ತು ಕಂತು ಇದ್ದರೆ, ಅವನು ನಿಜಕ್ಕೂ ಒಳ್ಳೆಯ ಆಟಗಾರನಾಗಿದ್ದರೂ, ದಿವಾಳಿಯಾಗುವ ಸಂಭವ ನೂರಕ್ಕೆ 29. ಮೂವತ್ತು ಕಂತು ಇದ್ದರೆ ನೂರಕ್ಕೆ ಎರಡೂವರೆ. ಸಮಾಧಾನದ ಅಂಕಿ ಅಲ್ಲವೇ? ಆದರೆ ಇದು ಅವನು ಗೆದ್ದ ಹಣದಲ್ಲಿ ಒಂದು ರೂಪಾಯಿಯನ್ನೂ ಮುಟ್ಟದಿದ್ದಾಗ. ಮನೆ ಬಾಡಿಗೆ, ಊಟ, ಊರಿಗೆ ಕಳಿಸುವ ದುಡ್ಡು ಎಂದು ಗಳಿಕೆಯ ಅರ್ಧವನ್ನು ತೆಗೆದರೆ, ಅದೇ ಮೂವತ್ತು ಕಂತಿನ ಮೇಲೆ ದಿವಾಳಿಯ ಸಂಭವ ನೂರಕ್ಕೆ 16ಕ್ಕೆ ಏರುತ್ತದೆ. ಗಳಿಸಿದ್ದೆಲ್ಲ ಖರ್ಚಾದರೆ? ಆಗ ಬೆಳೆಯುವುದು ಏನೂ ಇಲ್ಲ, ತೂಗಾಟವೊಂದೇ ಉಳಿಯುತ್ತದೆ. ಆಡುತ್ತಲೇ ಹೋದರೆ ಸೊನ್ನೆ ಮುಟ್ಟುವುದು ಖಚಿತ, ಯಾವತ್ತು ಎಂಬುದಷ್ಟೇ ಗೊತ್ತಿಲ್ಲ. ಮೇಲೆ ತೆರಿಗೆ: ಇಸ್ಪೀಟಿನ ಗೆಲುವಿಗೆ ನಮ್ಮ ಆದಾಯ ತೆರಿಗೆ ಶೇ 30, ಅದರಲ್ಲಿ ಖರ್ಚು ಕಳೆಯಲು ಬರುವುದಿಲ್ಲ. ತೆಳುವಾದ ಅಂಚಿನಿಂದ ಮೂರನೇ ಒಂದು ಪಾಲಿನಷ್ಟನ್ನು ಕತ್ತರಿಸಿದರೆ ಏನಾಗುತ್ತದೆಂದು ಮೇಲಿನ ಸೂತ್ರವೇ ಹೇಳುತ್ತದೆ.

ಅಂದರೆ ಪಾಲಕರು “ಗೆದ್ದೀಯೋ ಸೋತೀಯೋ” ಎಂದು ಕೇಳುವುದರಿಂದ ಏನೂ ತಿಳಿಯುವುದಿಲ್ಲ. ಕೇಳಬೇಕಾದ್ದು: ಎಷ್ಟು ಹ್ಯಾಂಡ್ ಆಡಿದ್ದೀ? ಎಲ್ಲದರ ಖಾತೆ ಇದೆಯೇ, ಸೋತ ರಾತ್ರಿಗಳದ್ದೂ? ಆಟದ ಹಣ ಬೇರೆ, ಅನ್ನದ ಹಣ ಬೇರೆ ಇದೆಯೇ? ಆಟದ ಹಣ ಯಾರದು, ನಿನ್ನ ಸಂಬಳದಿಂದ ಉಳಿಸಿದ್ದೋ, ಗೆಳೆಯನಿಂದ ತಂದದ್ದೋ, ಮೊಬೈಲ್ ಸಾಲದ್ದೋ? ಸಣ್ಣ ಅಂಗಡಿ ಇಟ್ಟವನಿಗೆ ಕೇಳುವ ಪ್ರಶ್ನೆಗಳೇ ಇವು. ಕಸುಬು ಎಂದು ಮಗ ಹೇಳಿದ ಮೇಲೆ ಕಸುಬಿನವನನ್ನು ಕೇಳಿದಂತೆ ಕೇಳುವುದು ಅವನಿಗೆ ತೋರಿಸುವ ಗೌರವ. ಅಂಥ ಖಾತೆಯನ್ನು ಮೇಜಿನ ಮೇಲೆ ಇಡಬಲ್ಲ ಮಗ ಬಹಳ ಅಪರೂಪ. ಇಟ್ಟರೆ ಅದನ್ನು ಕೂತು ಓದಬೇಕು.

ಇನ್ನು ತಲೆಯೊಳಗಿನ ಮಾತು. ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಮತ್ತು ಸಂಗಡಿಗರು ಕೋತಿಗಳ ಮೆದುಳಿನಲ್ಲಿ ಡೋಪಮಿನ್ ಹೊರಸೂಸುವ ನರಕೋಶಗಳನ್ನು ವರ್ಷಗಟ್ಟಲೆ ಆಲಿಸಿದರು. ಹಣ್ಣಿನ ರಸ ಬರುತ್ತದೆಂದು ಗೊತ್ತಿದ್ದಾಗ ಬಂದರೆ ಆ ಕೋಶಗಳು ಹೆಚ್ಚೇನೂ ಮಿಡಿಯುವುದಿಲ್ಲ. ಎಣಿಸದೆ ಬಂದಾಗ ಜೋರಾಗಿ ಮಿಡಿಯುತ್ತವೆ. 2003ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಇನ್ನೊಂದು ಸಂಗತಿ ಕಂಡಿತು: ಸೂಚನೆ ಸಿಕ್ಕ ಕ್ಷಣಕ್ಕೂ ರಸ ಬರುವ ಕ್ಷಣಕ್ಕೂ ನಡುವೆ ಈ ಕೋಶಗಳ ಚಟುವಟಿಕೆ ನಿಧಾನವಾಗಿ ಏರುತ್ತದೆ, ಬರುವ-ಬಾರದಿರುವ ಸಂಭವ ಅರ್ಧಕ್ಕರ್ಧ ಇದ್ದಾಗ ಆ ಏರಿಕೆ ಅತಿ ಹೆಚ್ಚು. ಕೊನೆಯ ಎಲೆ ತಿರುಗುವ ಮುನ್ನಿನ ಆ ಉಸಿರು ಬಿಗಿಹಿಡಿದ ಗಳಿಗೆ ನೆನಪಿಸಿಕೊಳ್ಳಿ. ಸಂಶಯವೇ ಅಲ್ಲಿ ಸುಖವಾಗುತ್ತದೆ. ಆವೇಗಕ್ಕೆ ಲಗಾಮು ಹಾಕುವ ಹಣೆಯ ಹಿಂದಿನ ಭಾಗವಾದರೋ ಇಪ್ಪತ್ತರ ನಡುವಯಸ್ಸಿನವರೆಗೂ ಬಲಿಯುತ್ತಲೇ ಇರುತ್ತದೆ.

ಆದ್ದರಿಂದ ಪಾಲಕರ ಮುಂದೆ ಎರಡು ಬೇರೆ ಪ್ರಶ್ನೆಗಳಿವೆ. ಮಗ ಈ ಕಸುಬಿನಲ್ಲಿ ಗೆಲ್ಲುತ್ತಾನೆಯೇ ಎಂಬುದು ಒಂದು. ಮಗ ಆಟವನ್ನು ಆಡುತ್ತಿದ್ದಾನೋ, ಆಟ ಮಗನನ್ನು ಆಡಿಸುತ್ತಿದೆಯೋ ಎಂಬುದು ಇನ್ನೊಂದು. ಅಮೆರಿಕದ ಮನೋವೈದ್ಯರ ಕೈಪಿಡಿ 2013ರ ಆವೃತ್ತಿಯಲ್ಲಿ ಜೂಜಿನ ಕಾಯಿಲೆಯನ್ನು ಕುಡಿತ, ಮಾದಕ ವಸ್ತುಗಳ ಸಾಲಿಗೇ ಸೇರಿಸಿತು. ಅದು ಕೊಡುವ ಒಂಬತ್ತು ಲಕ್ಷಣಗಳಲ್ಲಿ ಒಂದು ವರ್ಷದೊಳಗೆ ನಾಲ್ಕು ಕಂಡರೆ ಕಾಯಿಲೆ ಎನ್ನಬಹುದು. ಹೋದ ದುಡ್ಡನ್ನು ಮರಳಿ ತರಲು ಮರುದಿನವೇ ಕೂರುವುದು, ಬಿಡಲು ಹೋದರೆ ಸಿಡಿಮಿಡಿ, ಮನಸ್ಸು ಭಾರವಾದಾಗ ಆಟದತ್ತ ಓಡುವುದು, ಎಷ್ಟು ಹೋಯಿತೆಂದು ಮನೆಯವರಿಗೆ ಸುಳ್ಳು ಹೇಳುವುದು, ಸಾಲ ತೀರಿಸಲು ಇತರರ ಕೈ ಕಾಯುವುದು ಅವುಗಳಲ್ಲಿ ಕೆಲವು. ಅದೇ ಕೈಪಿಡಿ ಕಸುಬಿನ ಆಟಗಾರರನ್ನು ಬೇರೆಯಾಗಿಯೇ ನೋಡುತ್ತದೆ: ಅಲ್ಲಿ ಅಪಾಯಕ್ಕೆ ಮಿತಿಯಿದೆ, ಶಿಸ್ತು ಮುಖ್ಯ. ಗಮನಿಸಿ, ಗೆಲುವು-ಸೋಲು ಈ ಪಟ್ಟಿಯಲ್ಲೇ ಇಲ್ಲ. ಗೆಲ್ಲುತ್ತಿರುವಾಗಲೂ ಒಬ್ಬ ಕಾಯಿಲೆಯವನಾಗಿರಬಹುದು. ಸೋಲುತ್ತಿರುವಾಗಲೂ ಇನ್ನೊಬ್ಬ ಸ್ವಸ್ಥನಾಗಿರಬಹುದು. ರಾತ್ರಿ ನಿದ್ದೆ, ಊಟ, ಗೆಳೆಯರು, ಫೋನಿನಲ್ಲಿ ದನಿ, ಇವನ್ನು ತಾಯಂದಿರು ಅಂಕಿಗಿಂತ ಮೊದಲು ಓದುತ್ತಾರೆ. ಓದಿದ್ದನ್ನು ನಂಬಬೇಕು.

ಪಾಲಕರ ತಲೆಯೂ ಇದೇ ಮಣ್ಣಿನದು. ಮನೋವಿಜ್ಞಾನಿಗಳಾದ ಕಾನೆಮನ್ ಮತ್ತು ಟ್ವೆರ್ಸ್ಕಿ 1979ರಿಂದ ತೋರಿಸುತ್ತ ಬಂದಂತೆ ಅಷ್ಟೇ ಮೊತ್ತದ ಲಾಭಕ್ಕಿಂತ ನಷ್ಟ ಸುಮಾರು ಎರಡು ಪಟ್ಟು ನೋಯಿಸುತ್ತದೆ. ಮಗನ ಸೋಲಿನ ಸುದ್ದಿ ತಂದೆಯ ಎದೆಗೆ ಹಾಗೆ ನಾಟುತ್ತದೆ, ಅವನು ಕೂಗಾಡುತ್ತಾನೆ. ಮಗ ಮುಂದಿನ ಸೋಲನ್ನು ಹೇಳುವುದಿಲ್ಲ. ಅಲ್ಲಿಗೆ ಖಾತೆ ಸುಳ್ಳಾಗುತ್ತದೆ, ಮನೆಗೆ ಬರುವುದು ಬದುವಿನ ಕಬ್ಬು ಮಾತ್ರ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನ ಸೂಕ್ತವೊಂದಿದೆ. ಅದರಲ್ಲಿ ಸಾಲಗಾರರ ಮುಂದೆ ತಂದೆ, ತಾಯಿ, ಅಣ್ಣತಮ್ಮಂದಿರು ಅವನು ತಮಗೆ ಗೊತ್ತೇ ಇಲ್ಲವೆನ್ನುತ್ತಾರೆ. ಮೂರು ಸಾವಿರ ವರ್ಷವಾದರೂ ನಮ್ಮ ಓಣಿಗಳಲ್ಲಿ ಮರ್ಯಾದೆಗಂಜಿದ ಮನೆಗಳು ಮಾಡುವುದು ಅದನ್ನೇ, ಇಲ್ಲವೇ ಅದರ ತದ್ವಿರುದ್ಧವನ್ನು: ಯಾರಿಗೂ ಗೊತ್ತಾಗದಂತೆ ಬಂಗಾರ ಒತ್ತೆ ಇಟ್ಟು ಸಾಲ ತೀರಿಸುವುದು.

ಎರಡೂ ಕೆಲಸ ಮಾಡುವುದಿಲ್ಲ ಎಂಬುದು ಚಿಕಿತ್ಸಕರ ಅನುಭವ. ಅಮೆರಿಕದ ರಾಬರ್ಟ್ ಮೈಯರ್ಸ್ ಮೊದಲು ಕುಡಿತದ ಮನೆಗಳಿಗಾಗಿ ರೂಪಿಸಿದ ಕ್ರಾಫ್ಟ್ ಎಂಬ ವಿಧಾನವನ್ನು ಆಮೇಲೆ ಜೂಜಿನ ಮನೆಗಳಿಗೂ ಹೊಂದಿಸಿದ್ದಾರೆ. ಅದರಲ್ಲಿ ತರಬೇತಿ ಸಿಗುವುದು ಮನೆಯವರಿಗೆ. ಮಗ ಆಟ ಬಿಟ್ಟು ಬಂದ ಸಂಜೆಯನ್ನು ಸಿಹಿಯಾಗಿಸು, ಆಟದಿಂದ ಎದ್ದು ಬಂದ ಕೂಡಲೇ ವಾದಕ್ಕೆ ನಿಲ್ಲಬೇಡ, ಅವನ ಸಾಲದ ಭಾರವನ್ನು ಅವನ ಹೆಗಲಿನಿಂದ ನೀನು ಇಳಿಸಬೇಡ, ನಿನ್ನ ಬದುಕನ್ನು ನಿಲ್ಲಿಸಬೇಡ. ಹೇಳಲು ನಾಲ್ಕು ಮಾತು. ಮಗನ ಸಾಲಗಾರ ಬಾಗಿಲಿಗೆ ಬಂದು ನಿಂತಾಗ ಸುಮ್ಮನಿರುವುದು ಹೆತ್ತವರಿಗೆ ಎಷ್ಟು ಕಷ್ಟವೆಂದು ನಾನು ಬಲ್ಲೆ. ಒಬ್ಬರೇ ಹೊರಬೇಕಾಗಿಲ್ಲ. ಚಿಕ್ಕೋಡಿ, ನಿಪ್ಪಾಣಿ ಕಡೆಯವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರವಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಆನ್‌ಲೈನ್ ಗೀಳಿಗೆಂದೇ 2014ರಿಂದ ಶಟ್ ಎಂಬ ಚಿಕಿತ್ಸಾ ಘಟಕ ಇದೆ. ಟೆಲಿ ಮನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಮಗನಲ್ಲದೆ ತಾಯಿಯೂ.

ಇದರ ಇನ್ನೊಂದು ತುದಿಯ ಮನೆಯೊಂದನ್ನೂ ಹೇಳಬೇಕು. ರಿಚರ್ಡ್ ಲೆಡರರ್ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಶಾಲೆಯೊಂದರಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು, ಭಾಷೆಯ ಬಗ್ಗೆ ಪುಸ್ತಕ ಬರೆದವರು. ಅವರ ಮಗ ಹೋವರ್ಡ್, ಮಗಳು ಆ್ಯನಿ ಡ್ಯೂಕ್ ಇಬ್ಬರೂ ಪೋಕರನ್ನೇ ಕಸುಬು ಮಾಡಿಕೊಂಡರು. ಆ್ಯನಿ ಮನೋವಿಜ್ಞಾನದ ಡಾಕ್ಟರೇಟ್ ಅರ್ಧಕ್ಕೆ ಬಿಟ್ಟು ಮೇಜಿಗೆ ಹೋದವರು, 2004ರಲ್ಲಿ ವಿಶ್ವಮಟ್ಟದ ಬಿರುದು ಗೆದ್ದವರು, ಮುಂದೆ ಆಟ ಬಿಟ್ಟು ನಿರ್ಧಾರ ವಿಜ್ಞಾನಕ್ಕೆ ಮರಳಿ 2023ರಲ್ಲಿ ಆ ಡಾಕ್ಟರೇಟ್ ಮುಗಿಸಿದರು. ಫಲ ನೋಡಿ ನಿರ್ಧಾರವನ್ನು ಅಳೆಯಬೇಡಿ ಎಂಬುದು ಅವರ ಪುಸ್ತಕಗಳ ತಿರುಳು. ಇಂಥ ಕಥೆ ಕೇಳಿದ ಮಗ ಕಣ್ಣರಳಿಸುತ್ತಾನೆ. ಅವನಿಗೆ 2003ರ ಕಥೆಯನ್ನೂ ಹೇಳಿ: ಕ್ರಿಸ್ ಮನಿಮೇಕರ್ ಎಂಬ ಲೆಕ್ಕಪತ್ರದ ನೌಕರ ಅಲ್ಪ ಹಣ ಕಟ್ಟಿ ಆನ್‌ಲೈನ್ ಮೂಲಕ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯಕ್ಕೆ ಪ್ರವೇಶ ಪಡೆದು 25 ಲಕ್ಷ ಡಾಲರ್ ಗೆದ್ದ. ಆ ವರ್ಷ ಆಡಿದವರು 839. 2006ರಲ್ಲಿ 8,773. ಗೆದ್ದವನ ಹೆಸರು ನಮಗೆ ಗೊತ್ತು. ಅವನ ಹಿಂದೆ ಹೊರಟವರ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ.

2025ರ ಆಗಸ್ಟ್‌ನಲ್ಲಿ ನಮ್ಮ ಕಲ್ಪನೆಯ ಮನೆಯ ವಾದದ ನೆಲವೇ ಬದಲಾಯಿತು. ಸಂಸತ್ತು ಎರಡೇ ದಿನಗಳಲ್ಲಿ ಅಂಗೀಕರಿಸಿದ, 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಕೌಶಲವೋ ಅದೃಷ್ಟವೋ ಎಂಬ ಹಳೆಯ ಗೆರೆಯನ್ನೇ ಅಳಿಸಿ, ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿತು. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡುವವನಿಗೆ ಶಿಕ್ಷೆಯಿಲ್ಲ. ಕೆಲವೇ ದಿನಗಳಲ್ಲಿ ದೇಶದ ದೊಡ್ಡ ಪೋಕರ್ ಆ್ಯಪ್‌ಗಳು ಹಣದ ಆಟ ನಿಲ್ಲಿಸಿದವು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಒಂದು ಕಾಯ್ದೆಯಿಂದ ರಾತ್ರೋರಾತ್ರಿ ಇಲ್ಲವಾಗಬಲ್ಲ ಕಸುಬು ಎಂಬ ಅಪಾಯ ಯಾವ ಸೂತ್ರದಲ್ಲೂ ಇರಲಿಲ್ಲ. ಈಗ ಉಳಿದಿರುವುದು ಗೋವೆಯ ಹಡಗು, ವಿದೇಶದ ಪಂದ್ಯ, ಇಲ್ಲವೇ ಹೊರದೇಶದಲ್ಲಿ ಕೂತು ನಡೆಸುವ ಕಳ್ಳ ಆ್ಯಪ್. ಆ ಕೊನೆಯದರಲ್ಲಿ ಗೆದ್ದ ಹಣ ಕೊಡದೆ ಹೋದರೆ ಕೇಳಲು ಒಂದು ಬಾಗಿಲೂ ಇಲ್ಲ. ಮಗ ಅತ್ತ ಹೊರಳಿದರೆ ತಡೆಯಬೇಕಾದ ಹೊತ್ತು ಅದು.

ನಮ್ಮ ಕಲ್ಪನೆಯ ಮನೆಗೆ ಕೊನೆಯ ಸಲ ಹೋಗೋಣ. ಮಗ ಊರಿಗೆ ಬಂದಿದ್ದಾನೆ. ಸಂಭವನೀಯತೆ ಕಲಿತ ತಲೆ ಹಾಳಾಗಿಲ್ಲ, ಸಸ್ಕೆಹಾನಾ ಎಂಬ ಅಮೆರಿಕದ ಷೇರು ವ್ಯಾಪಾರದ ಕಂಪನಿ ತನ್ನ ಹೊಸಬರಿಗೆ ಪೋಕರ್ ಆಡಿಸಿಯೇ ಕಲಿಸುತ್ತದೆ ಎಂದು ತಂಗಿಗೆ ಹೇಳುತ್ತಿದ್ದಾನೆ. ನೌಕರಿಗೆ ಅರ್ಜಿ ಹಾಕಿದ್ದಾನೆ, ಕರೆ ಬಂದಿಲ್ಲ. ತಂದೆ ಏನೂ ಕೇಳದೆ ಟ್ರಂಕಿನಿಂದ ಒಂದು ವಹಿ ತೆಗೆದು ಮುಂದಿಡುತ್ತಾನೆ. ಹನ್ನೆರಡು ವರ್ಷದ ಕಬ್ಬಿನ ಬಿಲ್ಲುಗಳು, ಟನ್ನು, ದರ, ಗೊಬ್ಬರದ ಖರ್ಚು. ಮಗ ಲ್ಯಾಪ್‌ಟಾಪ್ ತೆಗೆದು ಒಂದೊಂದೇ ಸಾಲು ಏರಿಸತೊಡಗುತ್ತಾನೆ. ಕೃಷ್ಣೆ, ದೂಧಗಂಗೆ, ವೇದಗಂಗೆ ಉಕ್ಕಿ ಈ ಸೀಮೆ ಮುಳುಗಿದ 2019ರ ಪುಟಕ್ಕೆ ಬಂದಾಗ ಬಿಲ್ಲಿಲ್ಲ.

“ಅಪ್ಪಾ, ಹತ್ತೊಂಬತ್ತರದು ಸೊನ್ನಿ ಬರೀಲೇನು?”

“ಸೊನ್ನಿ ಎಲ್ಲೈತಿ? ಆ ವರ್ಷದ ಸೊಸೈಟಿ ಸಾಲ ಹಿಂದಿನ ಪುಟದಾಗ ಐತಿ ನೋಡು. ಅದನ್ನ ಮೈನಸ್ ಹಾಕಿ ಬರಿ.”